ಬದುಕಿದ್ದ ನಟನ ಮರಣಚಿತ್ರ

ನವೆಂಬರ್ ಏಳನೇ ತಾರೀಖು ಬೆಳಿಗ್ಗೆ ಟೋಕಿಯೋದ ನಾಟಕಶಾಲೆ ಬೀದಿಯ ಠಾಣೆಗೆ ಓತಾಕಿ ಎಂಬ ಹೆಂಗಸು ಏದುಸಿರು ಬಿಡುತ್ತ ಬಂದಳು. ಇನ್‌ಸ್ಪೆಕ್ಟರ್ ಸುಗಾವಾನ ಮೇಜಿನ ಮೇಲೆ ಮರದ ಅಚ್ಚಿನಲ್ಲಿ ಒತ್ತಿದ ಚಿತ್ರವೊಂದನ್ನು ಇಟ್ಟಳು. ತಿಳಿನೀಲಿ ಉಡುಪು, ಕೈಯಲ್ಲಿ ಜಪಮಾಲೆ. ಹೆಸರಾಂತ ಕಬುಕಿ ನಟ ಸತ್ತಾಗ ಬೀದಿಯಲ್ಲಿ ಮಾರುವ ಮರಣಚಿತ್ರ.

“ನಮ್ಮ ಯಜಮಾನ್ರು ರಿಂಜೂರೋ ಇವ್ರು. ಈಗಷ್ಟೇ ಮನೇಲಿ ಗಂಜಿ ಕುಡೀತಿದ್ರು, ಸಾಹೇಬ್ರೇ!”

ಸಾವಿನ ದಿನ, ಈ ತಿಂಗಳ ಹತ್ತು ಎಂದು ಚಿತ್ರದ ಮೂಲೆಯಲ್ಲಿತ್ತು. ಪಕ್ಕದಲ್ಲಿ, ಸತ್ತವರಿಗೆ ಗುಡಿಯಲ್ಲಿ ಇಡುವ ಹೊಸ ಹೆಸರು.

“ಹತ್ತಕ್ಕೆ ಏನಿದೆ?”

“ಹೊಸ ನಾಟಕದ ಮೊದಲ ಆಟ. ಅವತ್ತು ಅವ್ರನ್ನ ಯಾರೋ ಕೊಲ್ತಾರೆ. ಕಾಪಾಡಿ.”

ದೂರು ದಾಖಲಾಯಿತು, ಮನೆಗೆ ಕಾವಲು ಬಿತ್ತು. ಸುಗಾವಾ ಮತ್ತು ಕಾನ್‌ಸ್ಟೇಬಲ್ ಮೋಗಿ ಅಚ್ಚಿನ ಅಂಗಡಿಗೆ ಹೋಗಿ ಕೆತ್ತಿದ ಹಲಗೆಗಳನ್ನು ಪಂಚನಾಮೆ ಮಾಡಿ ವಶಪಡಿಸಿಕೊಂಡರು.

“ಬರದೇ ಇರೋ ತಾರೀಖಿಗೆ ಸಾವು ಅಚ್ಚು ಹಾಕ್ತೀಯೇನಯ್ಯ?” ಎಂದ ಮೋಗಿ.

“ಹಳೇ ಪಂಚಾಂಗದಲ್ಲಿ ಹತ್ತು ಆಗ್ಲೇ ಕಳೆದೋಯ್ತಲ್ಲ ಸ್ವಾಮಿ! ಸರ್ಕಾರ ಹೊಸದು ತಂದ್ರೂ ನಮ್ಮನೇಲಿ ಇನ್ನೂ ಅದೇ ಲೆಕ್ಕ,” ಎಂದ ಅಂಗಡಿಯವನು. “ಮಾಡಿಸ್ದೋನು ಮುಖಕ್ಕೆ ಬಟ್ಟೆ ಸುತ್ಕೊಂಡಿದ್ದ. ರಿಂಜೂರೋ ಹೋಗ್ಬಿಟ್ರಾ ಅಂದೆ, ಬಿಕ್ಕಿಬಿಕ್ಕಿ ಅತ್ತ. ನಂಬದೇ ಏನ್ಮಾಡ್ಲಿ?”

ಕೊಲ್ಲುವವನು ಅಳುವುದೇಕೆ? ಸುಗಾವಾ ನೇರ ನಟನ ಮನೆಗೆ ನಡೆದ.

ರಿಂಜೂರೋ ಎರಡೂ ಕೈಗಳನ್ನು ಉಡುಪಿನ ತೋಳಿನೊಳಗೆ ಸೇರಿಸಿ ಕೂತಿದ್ದ. ಮೂವತ್ತು ವರ್ಷ ಸ್ತ್ರೀಪಾತ್ರ ಮಾಡಿದ ಠೀವಿ. ಉಡುಪು ತೊಡಿಸುವ ಮುದುಕ ಗಿಸುಕೆ ಹಿಂದೆ ನಿಂತು ಅವನ ನಡುಪಟ್ಟಿ ಬಿಗಿಯುತ್ತಿದ್ದ.

“ಇದ್ರಲ್ಲಿರೋ ಸತ್ತಮೇಲಿನ ಹೆಸರು ಕಟ್ಟುಕತೆ ತಾನೆ?” ಎಂದ ಸುಗಾವಾ.

“ಅಲ್ಲ. ನನ್ನದೇ. ಮೊದಲ ಹೆಂಡ್ತಿ ತೀರಿಕೊಂಡಾಗ ಗುಡೀಲಿ ಇಬ್ಬರಿಗೂ ಒಟ್ಟಿಗೇ ಹೆಸರಿಟ್ರು.” ರಿಂಜೂರೋ ನಕ್ಕ. “ಚಿಂತೆ ಬಿಡಿ. ಈ ಚಿತ್ರದ ದೆಸೆಯಿಂದ ನಾನು ಸಾಯೋದನ್ನ ನೋಡೋಕೆ ಊರೇ ಬರ್ತಿದೆ, ಒಂದು ಜಾಗಾನೂ ಉಳಿದಿಲ್ಲ. ಇನ್ನು ನಾನು ಸತ್ರೂ ಆಟ ನಿಲ್ಲಲ್ಲ.”

ಗಿಸುಕೆಯ ಕೈ ಗಂಟಿನ ಮೇಲೆಯೇ ನಿಂತುಬಿಟ್ಟಿತು.

ಸುಗಾವಾ ಆ ಗುಡಿಗೆ ಹೋದ. ಹಿಂದಿನ ಸಮಾಧಿಕಲ್ಲಿನಲ್ಲಿ ಎರಡು ಹೆಸರಿದ್ದವು. ಹೆಂಡತಿಯದು ಬರಿಯ ಕೆತ್ತನೆ. ಗಂಡನದಕ್ಕೆ ಕೆಂಪು ತುಂಬಿತ್ತು. ಅವನು ಇನ್ನೂ ಬದುಕಿದ್ದಾನೆ ಎಂಬ ಗುರುತು ಅದು, ಸತ್ತ ದಿನ ಅಳಿಸುತ್ತಾರೆ.

“ಇಲ್ಲಿಗೆ ಯಾರು ಬರ್ತಾರೆ, ಗುರುಗಳೇ?”

“ಯಜಮಾನರಿಗೆ ಪುರುಸೊತ್ತೆಲ್ಲಿ? ಗಿಸುಕೆ ಒಬ್ಬನೇ. ಕಲ್ಲು ತೊಳೀತಾನೆ. ಈಚೆಗೆ ಆ ಕೆಂಪಕ್ಷರ ನೋಡ್ತಾ ಕೂತುಬಿಡ್ತಾನೆ.”

ಚಿತ್ರದಲ್ಲಿದ್ದದ್ದು ಕಲ್ಲಿನ ಮೇಲಿನ ಅದೇ ಹೆಸರು; ಅದನ್ನು ಬಲ್ಲ ಹೊರಗಿನವನು ಗಿಸುಕೆ ಒಬ್ಬನೇ. ಒಂಬತ್ತನೇ ತಾರೀಖು ಅವನ ಬಂಧನವಾಯಿತು. ಅವನು ಏನನ್ನೂ ಮುಚ್ಚಿಡಲಿಲ್ಲ.

“ಯಾಕೆ ಮಾಡ್ದೆ?”

“ಪಾತ್ರಕ್ಕೆ ಮುಖಕ್ಕೆ ಹಚ್ಚೋ ಬಿಳಿ ಬಣ್ಣದಲ್ಲಿ ಸೀಸ ಇದೆ, ಸ್ವಾಮಿ. ನಮ್ಮ ಧಣಿ ಮೈಗೆಲ್ಲ ಏರಿದೆ. ಇನ್ನೊಂದು ಸಲ ಹಚ್ಚಿದ್ರೆ ಹೋಗ್ತಾರೆ ಅಂದ್ರು ಡಾಕ್ಟ್ರು. ಧಣಿ ನನ್ನ ಬಾಯಿ ಮುಚ್ಚಿಸಿದ್ರು. ಈ ಚಿತ್ರ ನೋಡಿದ್ರೆ ಅಪಶಕುನ ಅಂತ ಆಟ ನಿಲ್ಲಿಸ್ತಾರೆ ಅಂದ್ಕೊಂಡೆ. ಜನ ಮುಗಿಬಿದ್ರು. ನಾನೇ ಅವ್ರನ್ನ ರಂಗಕ್ಕೆ ತಳ್ಳಿಬಿಟ್ಟೆ.” ಅವನು ಕಂಬಿ ಹಿಡಿದುಕೊಂಡ. “ನಾಳೆ ಕಳೆಯೋವರೆಗೂ ನನ್ನ ಬಿಡಬೇಡಿ. ನಾನಿಲ್ದೆ ಅವ್ರಿಗೆ ಉಡುಪು ಹಾಕ್ಕೊಳ್ಳೋಕಾಗಲ್ಲ, ಇನ್ನೊಬ್ಬನ್ನ ಹತ್ರ ಬಿಟ್ಕೊಳ್ಳಲ್ಲ.”

ಅಷ್ಟರಲ್ಲಿ ರಿಂಜೂರೋನೇ ಓತಾಕಿಯ ಜೊತೆ ಬಂದ.

“ದೂರು ವಾಪಸ್ ತಗೋತೀವಿ. ಅವನನ್ನ ಬಿಡಿ. ನಾಳೆ ಆಟ ಇದೆ.”

ಸುಗಾವಾ ಕಾಗದ ಬರೆಸಿ ಮುಂದಿಟ್ಟ. “ಸಹಿ ಬದಲು ನಿಮ್ಮ ಮುದ್ರೆ ಒತ್ತಿ. ಚಿತ್ರ ನಿಮ್ಮದು, ನೀವೇ ಒತ್ತಬೇಕು.”

ರಿಂಜೂರೋ ತೋಳಿನಿಂದ ಕೈ ಹೊರಗೆ ತೆಗೆದ. ಮಣಿಕಟ್ಟು ಜೋತುಬಿದ್ದಿತ್ತು. ಮುದ್ರೆ ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿದ, ಮತ್ತೆ ಬಿತ್ತು. ಗಿಸುಕೆ ಅಭ್ಯಾಸಬಲದಿಂದ ಕಂಬಿಯ ಸಂದಿಯಲ್ಲಿ ಕೈ ಚಾಚಿದವನು ತಟ್ಟನೆ ಹಿಂದಕ್ಕೆಳೆದುಕೊಂಡ.

“ಅಯ್ಯೋ, ನಂಗೆ ಯಾಕೆ ತೋರಿಸ್ಲಿಲ್ಲ?” ಎಂದು ಓತಾಕಿ ಗಂಡನ ಕೈ ಹಿಡಿದು ಅತ್ತಳು. ಅವನು ಈ ಸಲ ಕೈಯನ್ನು ಅಡಗಿಸಲಿಲ್ಲ.

ಹತ್ತನೇ ತಾರೀಖು ನಾಟಕಶಾಲೆಯ ಬಾಗಿಲು ತೆರೆಯಲಿಲ್ಲ. ಕಾಗದಕ್ಕೆ ಮುದ್ರೆ ಬೀಳದ ಕಾರಣ ಗಿಸುಕೆಯ ಕೇಸು ಹಾಗೆಯೇ ನ್ಯಾಯಾಲಯಕ್ಕೆ ಹೋಯಿತು. ಅಪರಾಧದ ಉದ್ದೇಶ ಬರೆಯುವ ಜಾಗದಲ್ಲಿ ಸುಗಾವಾ ಬರೆದ: ಕೆಂಪಕ್ಷರ ಅಳಿಸದಂತೆ ನೋಡಿಕೊಳ್ಳಲು.