ನಾಲ್ಕು ಎಡಗಾಲಿನ ಆನೆ

"ದೇವರೇ, ಅಳತೆ ಹೇಳ್ತೀನಿ, ಸರಿಯಾಗಿ ಬರ್ಕೋ. ಹೊಟ್ಟೆ ಅರವತ್ತು ಇಂಚು. ಸೊಂಡಿಲು ಮೂವತ್ತು. ಬಣ್ಣ ಬೂದು. ಶುಕ್ರವಾರ ಬೆಳಗ್ಗೆ ಎಂಟರೊಳಗೆ ಬೇಕು. ಲೇಟ್ ಮಾಡ್ಬೇಡಪ್ಪ."

ಕೈ ಮುಗಿದು ಕೂತಿದ್ದ ಬಾಬಿನ್ ಇಷ್ಟು ಹೇಳಿ, ಒಂದೇ ಒಂದು ಕಣ್ಣು ತೆರೆದು ಬಾಗಿಲ ಕಡೆ ನೋಡಿದಳು. ಪಾರ್ಸೆಲ್ ಏನೂ ಬಂದಿರಲಿಲ್ಲ.

ಪಕ್ಕದಲ್ಲೇ ಪ್ರಾರ್ಥನೆಗೆ ಕೂತಿದ್ದ ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಏನೇ ಇದು? ದೇವರನ್ನ ಟೈಲರ್ ಅಂದ್ಕೊಂಡಿದ್ದೀಯಾ?"

"ನೀನೇ ತಾನೇ ಹೇಳಿದ್ದು, ನಂಬಿ ಕೇಳಿದ್ರೆ ಕೊಡ್ತಾನೆ ಅಂತ?"

"ಹೇಳಿದ್ದೆ. ಕೇಳ್ಬಿಟ್ಟು ಬಾಗಿಲು ಕಾಯ್ತಾ ಕೂತ್ಕೋ ಅಂತ ಹೇಳಿದ್ದೆನಾ? ನಾನೂ ದಿನಾ ಕೇಳ್ತೀನಮ್ಮ. ಕೇಳಿದ್ಮೇಲೆ ಎದ್ದು ಒಲೆ ಹಚ್ತೀನಿ."

ಮನೆಯಲ್ಲಿ ನಿಜವಾದ ಟೈಲರ್ ಇದ್ದಳು. ಅವಳೇ ಅಮ್ಮ. ಹೊಲಿಗೆ ಮಿಷನ್ನಿನೊಳಗೆ ದಾರ ಸುತ್ತಿಕೊಂಡು ಗಿರಗಿರ ತಿರುಗುತ್ತದಲ್ಲ, ಬಾಬಿನ್ ಅಂತ, ಕೂತಲ್ಲಿ ಕೂರದ ಮಗಳಿಗೆ ಅದೇ ಹೆಸರಿಟ್ಟವಳೂ ಅವಳೇ. ಆದರೆ ಮೂರು ವಾರದ ಹಿಂದೆ ಬಲ್ಬ್ ಬದಲಿಸಲು ಸ್ಟೂಲ್ ಹತ್ತಿ ಧೊಪ್ಪೆಂದು ಬಿದ್ದಿದ್ದಳು. ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರ್.

ಅಂದಿನಿಂದ ಮಿಷನ್ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿತ್ತು. ಹೊಲಿಯುತ್ತ ಏನಾದರೂ ಗುನುಗುತ್ತಿದ್ದ ಅಮ್ಮ ಈಗ ಗುನುಗುವುದನ್ನೇ ಬಿಟ್ಟಿದ್ದಳು. ಪ್ರಾರ್ಥನೆಗೆ ಕರೆದರೆ, "ಕೇಳೀ ಕೇಳೀ ಸಾಕಾಯ್ತು. ಈ ಕೈ ಇನ್ನು ಕತ್ತರಿ ಹಿಡಿಯುತ್ತೋ ಇಲ್ವೋ" ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ಬಾಬಿನ್ ಎದ್ದು ಹೊರಗೆ ಓಡಿಬಿಡುತ್ತಿದ್ದಳು.

ಇಂಥದ್ದರಲ್ಲಿ ಸ್ಕೂಲ್ ನಾಟಕ ಬೇರೆ! "ಆನೆ ಡ್ರೆಸ್ ನಮ್ಮಮ್ಮ ಹೊಲೀತಾಳೆ ಮಿಸ್" ಎಂದು ಅಮ್ಮ ಬೀಳುವ ಮೊದಲೇ ಬಾಬಿನ್ ಜಂಬದಿಂದ ಹೇಳಿಯಾಗಿತ್ತು. ಈಗ ಆಗಲ್ಲ ಎಂದು ಹೇಳಿಬಿಡಬಹುದಿತ್ತು. ಹಾಗೆ ಹೇಳಿದರೆ ಅಮ್ಮನ ಕೈ ಇನ್ನು ಸರಿಹೋಗುವುದೇ ಇಲ್ಲ ಎಂದು ತಾನೂ ಒಪ್ಪಿಕೊಂಡ ಹಾಗಾಗುತ್ತದೆ. ಅದಕ್ಕೇ ಮಿಸ್‌ಗೆ ಹೇಳುವ ಬದಲು ದೇವರಿಗೆ ಅಳತೆ ಕೊಟ್ಟಿದ್ದಳು.

ಬುಧವಾರ ಒಂದು ಪಾರ್ಸೆಲ್ ಬಂತು. ಬಾಬಿನ್ ಹಾರಿ ಹೋಗಿ ನೋಡಿದರೆ ಪಕ್ಕದ ಮನೆಯ ಅಂಕಲ್‌ದು. ಒಳಗೆ ಇದ್ದದ್ದು ನೆಲ ಒರೆಸುವ ಕೋಲು.

"ಆಯ್ತು ದೇವರೇ, ನೀನು ಬಿಜಿ ಅಂತ ಗೊತ್ತಾಯ್ತು. ನಾನು ಶುರು ಮಾಡಿರ್ತೀನಿ, ನೀನು ಆಮೇಲೆ ಬಾ."

ಟ್ರಂಕಿನಲ್ಲಿ ಅಜ್ಜಿಯ ಹಳೇ ಪರದೆ ಸಿಕ್ಕಿತು. ಒಂದು ಕಡೆ ಬೂದು ಬಣ್ಣ, ಮಗುಚಿದರೆ ಇನ್ನೊಂದು ಕಡೆ ಮೈತುಂಬ ಹಳದಿ ಹೂವು. ಬಾಬಿನ್ ತನ್ನ ಕ್ಲಾಸಿನಲ್ಲಿ ಎಲ್ಲರೂ ಏಣಿ ಎಂದು ಕರೆಯುವ ಉದ್ದನೆಯ ಹುಡುಗನನ್ನು ಕರೆತಂದಳು. ಅವಳು ಆನೆಯ ಮುಂದಿನ ಅರ್ಧ, ಅವನು ಹಿಂದಿನ ಅರ್ಧ. ಅವನನ್ನು ನ್ಯೂಸ್‌ಪೇಪರ್ ಮೇಲೆ ಮಗ್ಗುಲಾಗಿ ಮಲಗಿಸಿ ಕಾಲಿನ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯತೊಡಗಿದಳು.

"ಅಯ್ಯಯ್ಯೋ, ಕಚಗುಳಿ! ಬಿಡೇ!"

"ಆನೆಗೆಲ್ಲ ಕಚಗುಳಿ ಆಗಲ್ಲ, ಸುಮ್ನೆ ಮಲ್ಕೋ."

"ಹಿಂದಿನ ಅರ್ಧಕ್ಕೆ ಆಗುತ್ತೆ ಕಣೇ!"

ಹೇಗೋ ಒಂದು ಕಾಗದದ ಕಾಲು ತಯಾರಾಯಿತು. ಅದನ್ನೇ ಪರದೆಯ ಮೇಲೆ ನಾಲ್ಕು ಸಲ ಇಟ್ಟು, ನಾಲಿಗೆ ಕಚ್ಚಿಕೊಂಡು, ಬಾಬಿನ್ ಕರಕರ ಕತ್ತರಿಸಿದಳು. ಉಳಿದ ಬಟ್ಟೆ ಹೊಟ್ಟೆಗೂ ಸೊಂಡಿಲಿಗೂ ಸರಿಹೋಯಿತು. ಒಂದು ತುಂಡೂ ಮಿಗಲಿಲ್ಲ.

ಆಮೇಲೆ ಕಾಲುಗಳನ್ನು ಪಿನ್ನು ಚುಚ್ಚಿ ಜೋಡಿಸಿದರು. ಏಣಿ ಆ ಕಡೆ ಬಗ್ಗಿ ನೋಡಿದ, ಈ ಕಡೆ ಬಗ್ಗಿ ನೋಡಿದ.

"ಎಡಗಡೆಯಿಂದ ನೋಡಿದ್ರೆ ಆನೆ ಸ್ಕೂಲಿಗೆ ಹೊರಟಿದೆ. ಬಲಗಡೆಯಿಂದ ನೋಡಿದ್ರೆ ವಾಪಸ್ ಮನೆಗೆ ಹೋಗ್ತಿದೆಯಲ್ಲೇ!"

ನಿಜ. ಬಲಗಡೆಯ ಎರಡೂ ಪಾದಗಳು ಬಾಲದ ಕಡೆ ತಿರುಗಿದ್ದವು. ಬಾಬಿನ್ ಇಷ್ಟು ದಿನ ತಡೆದಿದ್ದ ಅಳು ಒಮ್ಮೆಗೇ ಹೊರಬಂತು. ಆ ರಾಗಕ್ಕೆ ಹೆದರಿ ಅಮ್ಮ ಎದ್ದು ಓಡಿ ಬಂದಳು.

ಬಂದವಳು ಕಾಲುಗಳನ್ನು ನೋಡಿದಳು. "ಬಲಗಾಲಿಗೆ ಕಾಗದ ತಿರುವಿ ಹಾಕಿ ಕತ್ತರಿಸ್ಬೇಕಲ್ವೇನೇ! ನಾಲ್ಕೂ ಎಡಗಾಲು!" ಅಮ್ಮನ ತುಟಿ ಕೊಂಕಿತು. ಕೆನ್ನೆ ಉಬ್ಬಿತು. ಆಮೇಲೆ ಪ್ಲಾಸ್ಟರ್ ಹಿಡಿದುಕೊಂಡು, "ಅಯ್ಯೋ, ನಗಿಸ್ಬೇಡ್ರೇ, ಕೈ ನೋಯುತ್ತೆ" ಎನ್ನುತ್ತ ನೆಲದ ಮೇಲೇ ಕೂತು ನಕ್ಕಳು.

"ನಗ್ತಾಳೆ ನೋಡು! ಕಲಿಯುವಾಗ ಇವಳೇನು ಕಮ್ಮಿ ಇದ್ಲಾ?" ಎಂದಳು ಅಜ್ಜಿ. "ಪೋಸ್ಟ್‌ಮ್ಯಾನ್ ಶರ್ಟಿಗೆ ಎರಡೂ ಎಡತೋಳು ಇಟ್ಟಿದ್ಲು. ಪಾಪ, ಆ ಮನುಷ್ಯ ಎರಡು ವರ್ಷ ಬಲಗೈ ಸೊಟ್ಟ ಮಾಡ್ಕೊಂಡೇ ಕಾಗದ ಹಂಚಿದ."

"ಅಮ್ಮಾ! ಮಕ್ಕಳ ಮುಂದೆ ಮಾನ ಕಳೀಬೇಡ."

"ಬೇರೆ ಬಟ್ಟೆ ಇಲ್ವಲ್ಲಮ್ಮ, ಈಗೇನ್ಮಾಡೋದು?" ಬಾಬಿನ್ ಮೂಗು ಒರೆಸಿಕೊಂಡಳು.

ಅಮ್ಮ ಎಡಗೈಯಲ್ಲಿ ಒಂದು ಕಾಲು ಎತ್ತಿಕೊಂಡು ಮಗುಚಿ ಹಾಕಿದಳು. ಪಾದ ಮುಂದಕ್ಕೆ ಬಂತು. ಜೊತೆಗೆ ಹಳದಿ ಹೂವೂ ಹೊರಕ್ಕೆ ಬಂತು.

"ಆನೆಗೆ ಹೂವಿನ ಕಾಲಾ?" ಏಣಿ ಬಾಯಿ ಬಿಟ್ಟ.

ಬಾಬಿನ್ ಒಂದು ಸುತ್ತು ಗಿರ್ರನೆ ತಿರುಗಿದಳು. "ಹೂಂ! ಅದು ಈಗಷ್ಟೇ ಹೂದೋಟ ತುಳ್ಕೊಂಡು ಬಂದಿದೆ. ಎಡಗಾಲು ರೋಡಲ್ಲಿ, ಬಲಗಾಲು ತೋಟದಲ್ಲಿ!"

ಅಮ್ಮ ಮಗಳನ್ನೇ ನೋಡಿದಳು. ಮತ್ತೆ ಎದ್ದು ಹೋಗಿ ಮಿಷನ್ ಮೇಲಿನ ಬೆಡ್‌ಶೀಟ್ ಎಳೆದು ಹಾಕಿದಳು. "ನಂದು ಕಾಲು ಮುರಿದಿಲ್ಲವಲ್ಲ, ತುಳೀತೀನಿ. ಎಡಗೈ ಇದೆ. ಬಲಗೈ ನೀನು. ಬಾ, ಕೂತ್ಕೋ."

ಬಾಬಿನ್ ಬಟ್ಟೆ ಹಿಡಿದು ಜಗ್ಗಿದಳು.

"ಎಳೀಬೇಡ್ವೇ. ಬಟ್ಟೆ ತಾನಾಗೇ ಮುಂದೆ ಹೋಗುತ್ತೆ. ನೀನು ಜೊತೆಗೆ ಹೋಗು, ಸಾಕು."

ಸೂಜಿಗೆ ದಾರ ಪೋಣಿಸುವ ಕೆಲಸ ಅಜ್ಜಿಯದು. "ದೇವರೇ, ಒಳಗೆ ಹೋಗ್ಲಪ್ಪಾ" ಎನ್ನುತ್ತ ಏಳನೇ ಸಲಕ್ಕೆ ಪೋಣಿಸಿ ಗೆದ್ದಳು. ಸೊಂಡಿಲಿಗೆ ತುಂಬಲು ಹತ್ತಿ ಇರಲಿಲ್ಲ. ಮನೆಯ ಕಾಲುಚೀಲಗಳನ್ನೆಲ್ಲ ಏಣಿ ಅದರೊಳಗೆ ತುರುಕಿದ. ಎರಡನೇ ಕಾಲು ಹೊಲಿಯುವಾಗ ಅಮ್ಮ ಏನೋ ಗುನುಗತೊಡಗಿದಳು. ಬಾಬಿನ್ ಕೇಳಿಸದವಳ ಹಾಗೆ ಕೂತಿದ್ದಳು, ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು.

ಶುಕ್ರವಾರ ಸ್ಟೇಜ್ ಮೇಲೆ ಬೂದು ಆನೆಯೊಂದು ಗಂಭೀರವಾಗಿ ನಡೆದು ಬಂತು. ನಡುವೆ ನಿಂತು ತಿರುಗಿತು. ಹೂವಿನ ಕಾಲು ಕಂಡಿದ್ದೇ ತಡ, ಹಾಲ್‌ಗೆ ಹಾಲೇ ಗೊಳ್ಳೆಂದಿತು. ಅದೇ ಹೊತ್ತಿಗೆ ಆನೆಯ ಹಿಂದಿನ ಅರ್ಧ "ಆಕ್ಷೀ!" ಎಂದು ಸೀನಿತು. ಮುಂದಿನ ಅರ್ಧ ಬೆಚ್ಚಿ ತಲೆ ಕೊಡವಿದ್ದಕ್ಕೆ ಸೊಂಡಿಲಿನಿಂದ ಒಂದು ಕಾಲುಚೀಲ ಹಾರಿ ಮಿಸ್ ಮಡಿಲಿಗೆ ಬಿತ್ತು. ಎರಡನೇ ಸಾಲಿನಲ್ಲಿ ಅಮ್ಮ ಪ್ಲಾಸ್ಟರ್ ಕೈ ಮರೆತು ಚಪ್ಪಾಳೆ ತಟ್ಟಲು ಹೊರಟಿದ್ದಳು. ಅಜ್ಜಿ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದಳು.

ಮರುದಿನ ಬೆಳಗ್ಗೆ ಬಾಬಿನ್ ಪ್ರಾರ್ಥನೆಗೆ ಕೂತಾಗ ಪಕ್ಕದಲ್ಲಿ ಯಾರೋ ಬಂದು ಕೂತ ಹಾಗಾಯಿತು. ಒಂದು ಕಣ್ಣು ತೆರೆದು ನೋಡಿದಳು. ಅಮ್ಮ! ಕಣ್ಣು ಮುಚ್ಚಿದ್ದಳು. ಪ್ಲಾಸ್ಟರಿನ ತುದಿಯಲ್ಲಿ ಇಣುಕುತ್ತಿದ್ದ ಬೆರಳುಗಳು, ಬಟ್ಟೆಯ ಜೊತೆ ಹೋಗುವ ಹಾಗೆ, ಮೆಲ್ಲಗೆ ಆಡುತ್ತಿದ್ದವು.

ಬಾಬಿನ್ ಮತ್ತೆ ಕಣ್ಣು ಮುಚ್ಚಿದಳು. ಇವತ್ತು ಬಾಗಿಲ ಕಡೆ ನೋಡಲೇ ಇಲ್ಲ.

ಎದ್ದ ಮೇಲೆ ಅಮ್ಮ ಕೇಳಿದಳು, "ಏನೇ, ಇವತ್ತು ಅಳತೆ ಕೊಡ್ಲಿಲ್ವಾ ದೇವರಿಗೆ?"

"ಇಲ್ಲಮ್ಮ. ಸಿಕ್ತು ಅಂತ ಹೇಳ್ದೆ" ಎಂದು ಬಾಬಿನ್ ಒಲೆ ಹಚ್ಚಲು ಹೊರಟ ಅಜ್ಜಿಯ ಹಿಂದೆ ಓಡಿದಳು.