ಅದಲುಬದಲಾದ ಮುಚ್ಚಳ

ಹಳೆಯ ಗೇಮ್ ಮಷೀನನ್ನು ಕೌಂಟರ್ ಮೇಲಿಟ್ಟು ಅವನು ನಕ್ಕ. "ಇದರ ಗುಟ್ಟು ಕೊನೆಗೂ ಗೊತ್ತಾಯ್ತು ಕಣೇ, ಸ್ಕ್ರೂ."

ರಿಪೇರಿಯವಳ ಕೈಯಲ್ಲಿದ್ದ ಬ್ರಷ್ ನಿಂತುಹೋಯಿತು. ಆ ಅಡ್ಡಹೆಸರು ಕೇಳಿಯೇ ಹನ್ನೆರಡು ವರ್ಷವಾಗಿತ್ತು.

"ಯಾವಾಗ ಗೊತ್ತಾಯ್ತು?" ದನಿ ಸಹಜವಾಗಿಯೇ ಬಂತು. ಕಿವಿ ಮಾತ್ರ ಬಿಸಿಯಾಗಿತ್ತು.

"ಹೋದ ತಿಂಗಳು. ಟಿವಿ ಕೆಳಗಿಂದ ತೆಗೆದು ಧೂಳು ಒರೆಸಿದೆ ನೋಡು, ಆಗ."

"ಅಲ್ಲಿಗೆ ನಿಧಾನಪ್ಪ ನಿಧಾನಪ್ಪನೇ."

ಆ ಹೆಸರನ್ನು ಇಟ್ಟವಳು ಅವಳೇ. ಒಂದೇ ಗೋಡೆಯ ಆಚೆ ಈಚೆ ಬೆಳೆದ ಎರಡು ಮನೆ, ಎರಡು ಮಷೀನು. ಅವನದು ಇಲ್ಲಿಯ ಅಂಗಡಿಯಲ್ಲಿ ಕೊಂಡದ್ದು, ಅವಳದು ಚಿಕ್ಕಪ್ಪ ವಿದೇಶದಿಂದ ತಂದದ್ದು. ಹೊರಗೆ ಒಂದೇ ಅಚ್ಚು, ಒಂದೇ ಬೂದು ಬಣ್ಣ. ಮುಚ್ಚಳದ ಮೇಲಿನ ಹೆಸರಷ್ಟೇ ಬೇರೆ. ಒಳಗಿನ ಬೋರ್ಡು ಮಾತ್ರ ಆಯಾ ದೇಶದ ಟಿವಿಗೆ ತಕ್ಕಂತೆ. ಅವಳದು ಸೆಕೆಂಡಿಗೆ ಅರವತ್ತು ಚಿತ್ರ ತೋರಿಸಿದರೆ ಅವನದು ಐವತ್ತು. ಅವಳ ಮನೆಯಲ್ಲಿ ಓಡುವ ಆಟ ಅವನ ಮನೆಯಲ್ಲಿ ನಿಧಾನವಾಗಿ ನಡೆಯುತ್ತಿತ್ತು; ಅದಕ್ಕೇ ಅವನು ನಿಧಾನಪ್ಪ. ಅವನ ಕ್ಯಾಸೆಟ್ಟುಗಳು ಅವಳ ಮಷೀನಿನಲ್ಲಿ ಆಡುತ್ತಲೇ ಇರಲಿಲ್ಲ. ಆಡಬೇಕೆಂದರೆ ಅವನ ಮನೆಗೇ ಹೋಗಬೇಕು. ಅದಕ್ಕಾಗಿ ಅವಳು ಒಂದು ದಿನವೂ ಬೇಸರಪಟ್ಟವಳಲ್ಲ.

ಅವನ ಮನೆಯವರು ಊರು ಬಿಡುವ ಮುನ್ನ, ಕ್ಲೀನ್ ಮಾಡಿಕೊಡು ಎಂದು ಅವನು ಮಷೀನು ತಂದುಕೊಟ್ಟಿದ್ದ. ಅವಳು ಎರಡನ್ನೂ ಬಿಚ್ಚಿ ಮುಚ್ಚಳಗಳನ್ನು ಅದಲುಬದಲು ಮಾಡಿ ಕೂಡಿಸಿದಳು. ಬಾಯಿ ಬಿಟ್ಟು ಹೇಳಲಾಗದ್ದನ್ನು ಆರು ಸ್ಕ್ರೂ ಹಾಕಿ ಕಳಿಸಿದ್ದಳು. ನೋಡುತ್ತಾನೆ, ನಗುತ್ತಾನೆ, ವಾಪಸ್ ಬರುತ್ತಾನೆ ಅಂದುಕೊಂಡಿದ್ದಳು.

ಈಗ ಬಂದಿದ್ದ.

"ಗುಟ್ಟು ಏನಂತೆ, ಹೇಳು."

ಅವನು ಕೌಂಟರಿನ ಮೇಲೆ ಬಗ್ಗಿದ. ಕಣ್ಣಲ್ಲಿ ಅದೇ ಹಳೆಯ ಮಿಂಚು. "ಮುಚ್ಚಳ ವಿದೇಶದ್ದು, ಬೋರ್ಡು ಇಲ್ಲಿಯದು. ಕಾರ್ಖಾನೆಯಲ್ಲೇ ಹಾಗೆ ಬಂದಿದೆ. ಹಳೇ ಮಷೀನು ಸಂಗ್ರಹ ಮಾಡೋರೊಬ್ರು ಫೋಟೋ ನೋಡಿ ಬೆರಗಾಗಿಬಿಟ್ರು. ಇಂಥದ್ದು ಇನ್ನೊಂದು ಇಲ್ವಂತೆ. ಇದನ್ನ ಬಿಚ್ಚಿದವಳು ನೀನೊಬ್ಬಳೇ. ಮೊದಲಿಂದಲೂ ಹೀಗೇ ಇತ್ತು ಅಂತ ಅವರಿಗೊಂದು ಮಾತು ಹೇಳು, ಸಾಕು."

ಅವಳು ಅವನ ಮುಖವನ್ನೇ ನೋಡಿದಳು. ಒಂದು ಸುಳ್ಳು ಹೇಳಿದರೆ ಅವನು ಕುಣಿಯುತ್ತ ಹೋಗುತ್ತಾನೆ. ನಿಜ ಹೇಳಿದರೆ ನಿಲ್ಲಲೂಬಹುದು.

ಹಿಂದಿನ ಶೆಲ್ಫಿನಿಂದ 'ಮಾರಾಟಕ್ಕಿಲ್ಲ' ಎಂಬ ಚೀಟಿಯಿದ್ದ ತನ್ನ ಮಷೀನನ್ನು ಇಳಿಸಿ ಅವನದರ ಪಕ್ಕದಲ್ಲಿಟ್ಟಳು. "ಇನ್ನೊಂದು ಇದೆ."

ಅವನ ಕಣ್ಣು ಆ ಹೆಸರಿನಿಂದ ಈ ಹೆಸರಿಗೆ ಹೋಯಿತು, ಅವಳ ಮುಖಕ್ಕೆ ಬಂತು, ಮತ್ತೆ ಮಷೀನಿಗೇ ಇಳಿಯಿತು.

"ಹಾಗಾದ್ರೆ," ಎಂದ ಅವನು, "ಇದು ಅಪರೂಪದ್ದಲ್ಲ?"

ಅವಳು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. "ಅಲ್ಲ. ಮುಚ್ಚಳ ಅದರದರದ್ದೇ ಇದ್ರೆ ಒಳ್ಳೆ ಗಿರಾಕಿ ಸಿಗ್ತಾನೆ. ತಡಿ, ಹಾಕಿಕೊಡ್ತೀನಿ."

ಅವಳ ಮುಚ್ಚಳ ಅವಳಿಗೆ ಮರಳಿತು. ಅದರ ಮೇಲೆ ದುಂಡನೆಯ ಕಂದು ಕಲೆ. ಇಷ್ಟು ವರ್ಷ ಅವನು ಟೀ ಲೋಟ ಇಟ್ಟ ಗುರುತು. ಸ್ಪಿರಿಟ್ ಹಾಕಿ ಉಜ್ಜಿದಳು, ಹೋಗಲಿಲ್ಲ.

ಅವನು ಬಾಗಿಲವರೆಗೆ ಹೋಗಿ ತಿರುಗಿದ. ಏನೋ ಈಗ ಅರ್ಥವಾದಂತಿತ್ತು. "ಆಗಲೇ ಹೇಳಬಾರದಿತ್ತೇನೇ?"

"ಹೇಳಿದ್ನಲ್ಲ. ನಿನ್ನ ಟಿವಿ ಕೆಳಗೇ ಇತ್ತು."

"ಈಗಲೂ... ಅಂದ್ರೆ, ಈಗ ಕೇಳಿದ್ರೆ?"

"ಈಗ ನೀನು ಮೊದಲು ಕೇಳಿದ್ದು ಅಪರೂಪದ್ದೋ ಅಲ್ವೋ ಅಂತ ತಾನೇ ಮಾರಾಯಾ. ಬಿಸಿಲಲ್ಲಿ ಇಡಬೇಡ ಅದನ್ನ, ಪ್ಲಾಸ್ಟಿಕ್ ಹಳದಿಯಾಗುತ್ತೆ."

ಅವನು ಮಷೀನನ್ನು ಎದೆಗವಚಿಕೊಂಡ. ಆಮೇಲೆ ಮೆಟ್ಟಿಲಿಳಿದ. ಅವಳು ಕರೆಯಲಿಲ್ಲ.

ಸಂಜೆ ಹೆಡ್‌ಫೋನ್ ರಿಪೇರಿಗೆ ಬಂದ ಗಿರಾಕಿಯೊಬ್ಬ ಶೆಲ್ಫಿನತ್ತ ಬೆರಳು ತೋರಿಸಿದ. "ಮೇಡಂ, ಅದರ ಮೇಲಿದ್ದ ಚೀಟಿ ಇವತ್ತು ಕಾಣ್ತಿಲ್ಲ. ಕೊಡ್ತೀರಾ?"

"ಕೊಡ್ತೀನಿ. ಮೇಲೊಂದು ಕಲೆ ಇದೆ, ಮೊದಲೇ ಹೇಳಿಬಿಡ್ತೀನಿ."

"ಪರವಾಗಿಲ್ಲ. ಎಲ್ಲ ಒರಿಜಿನಲ್ ತಾನೇ?"

"ಹೌದು," ಎಂದಳು ಅವಳು. "ಇವತ್ತಿಂದ."