ಗೋಡೆಯ ಸಂದು

“ಎಲ್ರೂ ಉಗುರು ತೋರ್ಸಿ!”

ಪ್ರೇಯರ್ ಮುಗಿದಿತ್ತು. ಹೆಡ್‌ಮಾಸ್ಟರ್ ಚಲುವಯ್ಯನವರು ಲೈನಿನ ಆ ತುದಿಯಿಂದ ಬರತೊಡಗಿದರು. ಮಕ್ಕಳೆಲ್ಲ ಕೈ ಚಾಚಿ ನಿಂತರು. ತಿಮ್ಮಪ್ಪ ಮಾತ್ರ ಇನ್ನೂ ಉಗುರು ಕಚ್ಚಿ ಕಚ್ಚಿ ಉಗುಳುತ್ತಿದ್ದ, ಭಂಡ!

ಸುವರ್ಣಳೂ ಕೈ ಚಾಚಿದಳು. ಉಗುರೇನೋ ಚೊಕ್ಕವಾಗಿತ್ತು. ತಲೆಯದ್ದೇ ಪಜೀತಿ. ಒಂದು ಜಡೆ ಕಿವಿಯ ಮೇಲಿದ್ದರೆ ಇನ್ನೊಂದು ಬೆನ್ನಿನ ಮೇಲಿತ್ತು. ಬೈತಲೆಯಂತೂ ಎತ್ತಿನ ಗಾಡಿ ದಾರಿ ತಪ್ಪಿದ ಹಾಗೆ ಎತ್ತೆತ್ತಲೋ ಹೋಗಿತ್ತು. ಒಂದು ಟೇಪು ಬಿಚ್ಚಿ ಜೋತಾಡುತ್ತಿತ್ತು.

ಹೆಡ್‌ಮಾಸ್ಟರು ಅವಳ ಸ್ವಂತ ಅಪ್ಪ. ಆದರೇನು? ಸ್ಕೂಲಿನ ಗೇಟು ದಾಟಿದ ಮೇಲೆ ‘ಅಪ್ಪ’ ಅನ್ನುವ ಹಾಗಿಲ್ಲ, ‘ಸಾ’ ಅನ್ನಬೇಕು. ಅದು ಅವರದೇ ರೂಲು. ನನ್ನ ಮಗಳಿಗೊಂದು, ಊರ ಮಕ್ಕಳಿಗೊಂದು ಮಾಡಲ್ಲ ಎನ್ನುತ್ತಿದ್ದರು.

ಅವರು ಬಂದರು. ತಲೆ ಬಗ್ಗಿಸಿಕೊಂಡೇ ಉಗುರು ನೋಡಿದರು, ಜಡೆ ನೋಡಿದರು. ದಿನಾ ಎಲ್ಲ ಮಕ್ಕಳಿಗೂ ಕೇಳುವ ಮಾತನ್ನೇ ಕೇಳಿಬಿಟ್ಟರು.

“ಇದೇನಮ್ಮ ಇದು? ಮನೇಲಿ ತಲೆ ಬಾಚೋರು ಯಾರೂ ಇಲ್ವಾ?”

“ಇಲ್ಲ ಸಾ” ಎಂದಳು ಸುವರ್ಣ.

ಲೈನಿಗೆ ಲೈನೇ ತಣ್ಣಗಾಯಿತು. ಯುಗಾದಿಗೆ ಮುಂಚೆ ಅವಳ ಅವ್ವ ಮಲ್ಲಿಗಮ್ಮ ತೀರಿಕೊಂಡದ್ದು ಯಾರಿಗೆ ಗೊತ್ತಿಲ್ಲ? ಇಡೀ ಸ್ಕೂಲೇ ಅವಳ ಮಣ್ಣಿಗೆ ಹೋಗಿತ್ತು.

ಹೆಡ್‌ಮಾಸ್ಟರು ಆಗ ತಲೆ ಎತ್ತಿ ಮುಖ ನೋಡಿದರು. ಹಾಗೇ ತಿರುಗಿ ಆಫೀಸ್ ರೂಮಿಗೆ ಹೋಗಿಬಿಟ್ಟರು.

ಹಾಲಿನ ಪುಡಿಯ ಹಾಲು ಕೊಟ್ಟಾಗ ಸುವರ್ಣ ಲೋಟವನ್ನು ಪಕ್ಕಕ್ಕಿಟ್ಟಳು. ತಾನು ಹಾಗೆ ಅನ್ನಬಾರದಿತ್ತೇನೋ ಅನ್ನಿಸಿತು. ಮರುಕ್ಷಣವೇ ಸಿಟ್ಟೂ ಬಂತು. ಅಪ್ಪ ಅವ್ವನನ್ನು ಮರೆತೇಬಿಟ್ಟಿದ್ದಾನೆ! ಅವ್ವ ಹೋದಾಗ ಅವನು ಅಳಲೂ ಇಲ್ಲ. ತಿಥಿ ಮುಗಿದ ಮರುದಿನವೇ ಸ್ಕೂಲಿಗೆ ಹೊರಟ. ಸಂಜೆಯಾದರೆ ಸ್ಕೂಲು ತಪ್ಪಿಸಿದವರ ಮನೆಮನೆ ಸುತ್ತಿ, ಅವರ ಅಪ್ಪ ಅವ್ವಂದಿರಿಗೆ ಬುದ್ಧಿ ಹೇಳುತ್ತಾನೆ. ಮನೆಗೆ ಬಂದರೆ “ಉಂಡ್ಯಾ? ಓದ್ಕಂಡ್ಯಾ?” ಅಷ್ಟೇ.

ಅವ್ವ ಇದ್ದಾಗ ಹಿತ್ತಿಲ ಬಾಗಿಲಲ್ಲಿ ಕೂರಿಸಿಕೊಂಡು ಅವಳ ತಲೆ ಬಾಚುತ್ತಿದ್ದಳು. ಆಮೇಲೆ ತನ್ನದು. ಉದುರಿದ ಕೂದಲನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಬಾಗಿಲ ಪಕ್ಕದ ಗೋಡೆಯ ಸಂದಿಗೆ ತುರುಕುತ್ತಿದ್ದಳು. ಊರ ಹೆಂಗಸರೆಲ್ಲ ಮಾಡುವುದು ಹಾಗೇ. ಪಿನ್ನು ಮಾರುವವಳು ಬಂದರೆ ಆ ಕೂದಲು ಕೊಟ್ಟು ಪಿನ್ನು, ಟೇಪು ತಗೊಳ್ಳಬಹುದು.

ಮೊನ್ನೆ ಬಾಗೂರು ಸಂತೆ ಮುಗಿಸಿಕೊಂಡು ಆ ಪಿನ್ನಿನವಳು ಬಂದಿದ್ದಳು. “ಕೂದ್ಲಿದ್ರೆ ತತ್ತಾ ಮಗ, ಕೆಂಪು ಟೇಪು ಕೊಡ್ತೀನಿ” ಅಂದಿದ್ದಳು. ಸುವರ್ಣ ಇಲ್ಲ ಎಂದು ಸುಳ್ಳು ಹೇಳಿದ್ದಳು. ಸಂದಿನಲ್ಲಿ ಅವ್ವನ ಕೊನೆಯ ಉಂಡೆ ಇತ್ತು. ಅದು ಅಲ್ಲಿರುವುದು ಲೋಕದಲ್ಲಿ ತನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದಳು.

ಸಂಜೆ ಹೊಂಗೆ ಮರದ ಕೆಳಗೆ ಅಪ್ಪ ಅವ್ವಂದಿರ ಮೀಟಿಂಗ್ ಇತ್ತು. ಮಕ್ಕಳನ್ನು ಹೇಗೆ ಸಾಕಬೇಕು ಎಂದು ಹೆಡ್‌ಮಾಸ್ಟರು ಪ್ರತಿ ಸಲ ಗಂಟೆಗಟ್ಟಲೆ ಹೇಳುತ್ತಿದ್ದರು. ಹೊಡೀಬೇಡಿ, ಹೊಲಕ್ಕೆ ಎಳ್ಕೊಂಡು ಹೋಗಬೇಡಿ, ಪಕ್ಕದಲ್ಲಿ ಕೂರಿಸ್ಕೊಂಡು ಮಾತಾಡ್ಸಿ ಅಂತ. ಇವತ್ತು ಎದ್ದು ನಿಂತವರು ಸುಮ್ಮನೆ ಚಾಕ್‌ಪೀಸು ತಿರುಗಿಸುತ್ತಿದ್ದರು.

“ಇವತ್ತು ಬೆಳಿಗ್ಗೆ ನನ್ನ ಮಗಳು ನನ್ನೆದುರಿಗೇ ನಿಂತಿದ್ಲು” ಎಂದರು ಕೊನೆಗೆ. “ಉಗುರು ನೋಡ್ದೆ, ಜಡೆ ನೋಡ್ದೆ. ಅವಳನ್ನ ನೋಡ್ಲಿಲ್ಲ. ನಾನು ನಿಮಗೆ ಏನಂತ ಹೇಳ್ಲಿ?”

ಮುಂದೆ ಕೂತಿದ್ದ ತಿಮ್ಮಪ್ಪನ ಅಜ್ಜಿ ಚಿಕ್ಕಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇವತ್ತು ಏನೂ ಹೇಳ್ಬ್ಯಾಡಿ ಬುಡಿ ಸಾ. ಮಗೀನ ಕರ್ಕಂಡು ಮನೀಗೋಗಿ” ಎಂದಳು.

ಹೆಡ್‌ಮಾಸ್ಟರು ಇನ್ನೂ ಬಿಸಿಲಿರುವಾಗಲೇ ಮಗಳೊಂದಿಗೆ ಮನೆಗೆ ಬಂದರು. ಕೈಕಾಲು ತೊಳೆದು, ಬಾಚಣಿಗೆ ಹಿಡಿದು ಹಿತ್ತಿಲ ಬಾಗಿಲಲ್ಲಿ ಕೂತರು.

“ಬಾ ಕಣವ್ವ, ಇಲ್ಲಿ ಕೂತ್ಕೊ.”

ಅಯ್ಯಪ್ಪ, ಅದೇನು ಬಾಚುವುದೋ! ಸಿಕ್ಕು ಬಿಡಿಸಲು ಹೋಗಿ ಅಪ್ಪ ಇನ್ನಷ್ಟು ಸಿಕ್ಕು ಮಾಡಿದ.

“ಅಪ್ಪಾ, ನೋಯ್ತದೆ!”

“ಆಯ್ತು, ಆಯ್ತು. ಮೆಲ್ಲಗೆ ಬಾಚ್ತೀನಿ.”

ಅಂತೂ ಎರಡು ಜಡೆಯಾಯಿತು. ಅಪ್ಪ ಬಾಚಣಿಗೆಯಿಂದ ಕೂದಲು ಬಿಡಿಸಿ, ಬೆರಳಿಗೆ ಸುತ್ತಿ ಉಂಡೆ ಮಾಡಿದ. ಅವ್ವ ಮಾಡುತ್ತಿದ್ದ ಹಾಗೇ. ಆಮೇಲೆ ಕೈ ಚಾಚಿದ. ಹುಡುಕಲಿಲ್ಲ, ತಡಕಲಿಲ್ಲ. ಕೈ ನೆಟ್ಟಗೆ ಗೋಡೆಯ ಆ ಸಂದಿಗೇ ಹೋಯಿತು.

ಸುವರ್ಣ ತಿರುಗಿ ನೋಡಿದಳು. ಅಪ್ಪನ ಬೆರಳು ಒಳಗಿದ್ದ ಅವ್ವನ ಉಂಡೆಯನ್ನು ಮೆಲ್ಲಗೆ ಸವರಿತು. ಸಂದಿನ ಅಂಚಿನ ಮಣ್ಣು ಬೆರಳು ಆಡಿ ಆಡಿ ನುಣ್ಣಗಾಗಿತ್ತು. ಅಪ್ಪ ಇಲ್ಲಿಗೆ ಬರುತ್ತಿದ್ದ. ಅವಳು ನೋಡದ ಹೊತ್ತಿನಲ್ಲಿ, ಒಬ್ಬನೇ ಬರುತ್ತಿದ್ದ.

ಮಗಳ ಉಂಡೆಯನ್ನು ಅವ್ವನದರ ಪಕ್ಕಕ್ಕೆ ಇಟ್ಟ.

“ಸುವರ್ಣ, ಪಿನ್ನಿನೋಳು ಬಂದ್ರೆ...” ಎಂದ ಅಪ್ಪ.

“ಬಂದಿದ್ಲು ಅಪ್ಪ. ಕೊಡ್ಲಿಲ್ಲ.”

ಅಪ್ಪ ಆಗ ಅತ್ತ. ಸುವರ್ಣ ಅವನಿಗೆ ಒರಗಿ ಕೂತಳು. ಒಂದು ಜಡೆ ಆಗಲೇ ಸಡಿಲವಾಗಿ ಕಿವಿಯ ಮೇಲೆ ಬಂದಿತ್ತು. ಅವಳು ಅದನ್ನು ಸರಿ ಮಾಡಿಕೊಳ್ಳಲಿಲ್ಲ.